ಸುದ್ದಿ ಕೊಟ್ಟರೆ ಹಾಳೆ

ಅವರು ನನ್ನ ಕವಿತೆಯನ್ನು ತಿರಸ್ಕರಿಸಿದ್ದು ಕುರ್ಲಾದ ನಮ್ಮ ಚಾಳಿನ ನಳದ ಮುಂದೆ, ಕೊಡ ಹಿಡಿದು ನಿಂತ ಹತ್ತು ಹನ್ನೆರಡು ಹೆಂಗಸರ ಎದುರಿಗೆ. ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದು ನನಗಾಗ ಆರು ತಿಂಗಳೂ ಆಗಿರಲಿಲ್ಲ. ಕಾಲೇಜಿನಲ್ಲಿ ಒಂದು ವರ್ಷ ಓದಿದ್ದೆ, ಅಕ್ಷರ ದುಂಡಗಿದ್ದವು, ಈ ಊರಿನಲ್ಲಿ ನನ್ನನ್ನು ಕೇಳುವವರಿಲ್ಲ ಎಂಬ ದುಃಖವೂ ಬೇಕಾದಷ್ಟಿತ್ತು. ಇಷ್ಟೆಲ್ಲ ಕೂಡಿದ ಮೇಲೆ ಕವಿತೆ ಹುಟ್ಟದೆ ಇರುತ್ತದೆಯೇ? ಹಿಂದಿನ ಸಾಲಿನ ಖೋಲಿಯಲ್ಲಿ ಒಬ್ಬರು ಕನ್ನಡದಲ್ಲಿ ಪತ್ರಿಕೆ ತೆಗೆಯುತ್ತಾರೆಂದು ಯಾರೋ ಹೇಳಿದ್ದರು. ನಾಲ್ಕು ಪುಟದ ಕವಿತೆಯನ್ನು ಮಡಿಚಿ ಸೆರಗಿನಲ್ಲಿಟ್ಟುಕೊಂಡು ಬಂದು ಅವರ ಕೈಗೆ ಕೊಟ್ಟೆ. ಅವರು ಅಲ್ಲೇ ನಿಂತು, ಒಂದು ಸಾಲೂ ಬಿಡದೆ ಓದಿ, ಹಾಗೇ ಮಡಿಚಿ ಮರಳಿ ಕೊಟ್ಟರು.

“ಅಕ್ಷರ ಭಾಳ ಛಲೋ ಅದಾವ ತಂಗಿ,” ಅಂದರು. “ಆದ್ರ ಇದರಾಗ ಸುದ್ದಿ ಇಲ್ಲ. ನಿಮ್ಮ ಸಾಲಿನ್ಯಾಗ ಇವತ್ತ ನೀರು ಎಷ್ಟಕ್ಕ ಬಂತು?”

“ಐದೂವರಿಗೆ.”

“ಐದಕ್ಕ ಬರ್ತಿತ್ತಲ್ಲ?”

“ಸೋಮವಾರದಿಂದ ಐದೂವರಿಗೆ ಬರ್ಲಿಕ್ಕತ್ತದ.”

“ಹಾಂ. ಅದನ್ನ ಬರಕೊಂಡು ಬಾ.”

ಹೆಂಗಸರೆಲ್ಲ ನಕ್ಕರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಆದರೂ ಹಟಕ್ಕೆ ಬಿದ್ದು ನಳದ ಬಗ್ಗೆ ಎರಡು ಸಾಲು ಬರೆದುಕೊಟ್ಟೆ. ಆ ಭಾನುವಾರದ ಪತ್ರಿಕೆಯಲ್ಲಿ ಅದು ಬಂತು. ಸೋಮವಾರ ಕೊನೆಯ ಖೋಲಿಯ ಬಾಣಂತಿಯೊಬ್ಬಳ ತಾಯಿ ನನ್ನನ್ನು ಹುಡುಕಿಕೊಂಡು ಬಂದು, “ನೀ ಬರದಿ ಅಂತ ಅರ್ಧಾ ತಾಸು ಹೆಚ್ಚಿಗಿ ಮಲ್ಕೊಂಡ್ನಿ ನೋಡವ್ವಾ,” ಅಂದಳು. ನನ್ನ ಕವಿತೆ ಓದಿ ಯಾರೂ ಹಾಗೆ ಅಂದಿರಲಿಲ್ಲ, ನನ್ನ ಗಂಡನೂ ಸೇರಿ.

ಎಲ್ಲರೂ ಅವರನ್ನು ಪೇಪರ ಕಾಕಾ ಎನ್ನುತ್ತಿದ್ದರು. ವಿಜಾಪುರ ಕಡೆಯವರು. ವಡಾಲದ ಗೋದಾಮೊಂದರಲ್ಲಿ ಕೂಲಿಗಳ ಹಾಜರಿ ಬರೆಯುವ ಗುಮಾಸ್ತಿಕೆ. ಮುಂಜಾನೆ ಹಾರ್ಬರ್ ಲೈನಿನ ಲೋಕಲ್ ಹಿಡಿದು ಹೋಗಿ ಸಂಜೆ ಬರುತ್ತಿದ್ದರು. ಗಿಡ್ಡ ಆಳು, ಬಿಳಿ ಟೊಪ್ಪಿಗೆ, ಅಂಗಿಯ ಗುಂಡಿಗೆ ದಾರದಲ್ಲಿ ಕಟ್ಟಿದ ಮೋಟು ಪೆನ್ಸಿಲ್ಲು. ಪೆನ್ಸಿಲ್ ಕಟ್ಟಿದ್ದೇಕೆಂದರೆ ಲೋಕಲ್ಲಿನ ನೂಕುನುಗ್ಗಲಲ್ಲಿ ಒಮ್ಮೆ ಅದು ಬಿದ್ದುಹೋಗಿ, ಒಂದು ಒಳ್ಳೆಯ ಸುದ್ದಿ ಬರೆದುಕೊಳ್ಳುವಷ್ಟರಲ್ಲಿ ಹೇಳುವವನು ಚುನಾಭಟ್ಟಿಯಲ್ಲಿ ಇಳಿದುಹೋಗಿದ್ದನಂತೆ. ಆ ಸುದ್ದಿ ಏನಿತ್ತೋ ಎಂದು ಕೊನೆಯವರೆಗೂ ಹಳಹಳಿಸುತ್ತಿದ್ದರು.

ಅವರ ಪತ್ರಿಕೆಗೆ ಹೆಸರಿರಲಿಲ್ಲ. ಒಂದೇ ಹಾಳೆ, ಎರಡೂ ಬದಿ. ಮಂಚದ ಕೆಳಗಿನ ಹಳೆಯ ಸೈಕ್ಲೋಸ್ಟೈಲ್ ಮೆಷಿನ್ನನ್ನು ಶನಿವಾರ ಮಧ್ಯಾಹ್ನ ಎಳೆದು ಹೊರಗಿಡುತ್ತಿದ್ದರು. ನಾನು ಅವರ ಹೊಸ್ತಿಲ ಮೇಲೆ ಕುಳಿತು ಮೇಣದ ಸ್ಟೆನ್ಸಿಲ್ ಕಾಗದದ ಮೇಲೆ ಉಕ್ಕಿನ ಕಡ್ಡಿಯಿಂದ ಬರೆಯುತ್ತಿದ್ದೆ, ಅವರು ಅದನ್ನು ಮೆಷಿನ್ನಿಗೆ ಸುತ್ತಿ ಹಿಡಿಕೆ ತಿರುಗಿಸುತ್ತಿದ್ದರು. ಕವಿತೆಯಿಂದ ಕೆಳಗಿಳಿದ ನನಗೆ ಸಿಕ್ಕ ಕೆಲಸ ಅದು. ಅವರ ಉಗುರಿನ ಸಂದಿಯ ಮಸಿ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ರೊಟ್ಟಿ ತಿನ್ನುವಾಗ ರೊಟ್ಟಿಯ ಮೇಲೂ ಒಂದೆರಡು ಅಕ್ಷರ ಮೂಡುತ್ತವೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಹಾಳೆಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಪುಕ್ಕಟೆಯಾಗಿಯೂ ಕೊಡುತ್ತಿರಲಿಲ್ಲ. ಒಂದು ಸುದ್ದಿ ಕೊಟ್ಟರೆ ಒಂದು ಹಾಳೆ, ಅದು ಅವರ ಕಾಯಿದೆ. ಭಾನುವಾರ ಕುರ್ಲಾದ ಚಾಳುಗಳಲ್ಲಿ, ಆಮೇಲೆ ಬಸ್ಸು ಹಿಡಿದು ಪವಾಯಿ ಕಡೆ ಕಟ್ಟಡ ಕೆಲಸಕ್ಕಿದ್ದ ನಮ್ಮವರ ಜೋಪಡಿಗಳಲ್ಲಿ ಹಾಳೆಯ ಕಟ್ಟು ಹಿಡಿದು ತಿರುಗುತ್ತಿದ್ದರು. ಓದು ಬರದವರಿಗೆ ನಿಂತು ಓದಿ ಹೇಳುತ್ತಿದ್ದರು, ಅದೂ ಹಾಜರಿ ಕೂಗುವ ದನಿಯಲ್ಲಿ. ಆದರೆ ಮೊದಲು ಸುದ್ದಿ ಕೊಡಬೇಕು.

“ನಾ ಎಲ್ಲಿಂದ ಸುದ್ದಿ ತರ್ಲಿ ಕಾಕಾ? ಕಲ್ಲು ಹೊರತೀನಿ, ಉಣತೀನಿ, ಮಲಗತೀನಿ,” ಎಂದು ಒಬ್ಬ ಹೆಣ್ಣುಮಗಳು ಅಂದದ್ದು ನನಗೆ ನೆನಪಿದೆ.

“ಕಲ್ಲು ಎಲ್ಲಿಂದ ಎಲ್ಲಿಗಿ ಹೊರತಿ?”

“ಮೊದಲ ಗುಡ್ಡದ ಕಡಿ ಇತ್ರಿ. ಈಗ ಕೆರಿ ಕಡಿ ಹೊಸಾ ಕೆಲಸಾ ಚಾಲೂ ಆಗೈತಿ. ಇನ್ನಾ ಮಂದಿ ಬೇಕಂತ ಮುಕಾದಮ ಕೇಳಾಕತ್ತಾನ.”

“ಇದ ನೋಡವ್ವಾ ಸುದ್ದಿ,” ಎಂದು ಪೆನ್ಸಿಲ್ ಹಿಡಿದರು. ಮುಂದಿನ ವಾರ ಆ ಎರಡು ಸಾಲು ಕೇಳಿ ಕುರ್ಲಾದಿಂದ ಆರೇಳು ಮಂದಿ ಆ ಕೆಲಸಕ್ಕೆ ಹೋದರು. ಅಂದಿನಿಂದ ಆ ಹೆಣ್ಣುಮಗಳು ದೂರದಿಂದಲೇ ಟೊಪ್ಪಿಗೆ ಕಂಡು, “ಕಾಕಾ, ಈ ವಾರ ನನ್ನ ಕಡಿ ಎರಡ ಅದಾವ,” ಎಂದು ಕೂಗುತ್ತಿದ್ದಳು. ತನ್ನ ಬದುಕಿನಲ್ಲಿ ಹೇಳುವಂಥದ್ದು ಇದೆ ಎಂದು ಅವಳಿಗೆ ಗೊತ್ತಾದದ್ದೇ ಹಾಗೆ. ನನಗೂ ಹಾಗೆಯೇ ಗೊತ್ತಾದದ್ದು, ಆದರೆ ಅದನ್ನು ಅವರ ಮುಂದೆ ಒಪ್ಪಿಕೊಳ್ಳಲಿಲ್ಲ.

ಚಾಳಿನ ಮೂಲೆಯ ಹೋಟೆಲಿನ ಅಣ್ಣ ಉಡುಪಿ ಕಡೆಯವರು. ಅವರಲ್ಲಿಗೆ ಟಪಾಲಿನಲ್ಲಿ ಊರಿನ ದೊಡ್ಡ ಪತ್ರಿಕೆ ಬರುತ್ತಿತ್ತು. “ನಮ್ಮದು ಅಷ್ಟು ದೊಡ್ಡ ಪೇಪರ್ ಉಂಟಲ್ಲ ಮಾರಾಯ್ರೆ, ನಿಮ್ಮ ಈ ತುಂಡು ಕಾಗದ ಎಂತಕ್ಕೆ?” ಎಂದು ಕೆಣಕುತ್ತಿದ್ದರು. ಕಾಕಾ ಚಹಾ ಬಸಿಗೆ ಸುರಿದುಕೊಳ್ಳುತ್ತ, “ನಿಮ್ಮ ಹೋಟೆಲ್ ಹಿಂದಿನ ಗಟಾರ ತುಂಬಿದ್ದು ಅದರಾಗ ಬಂದೈತೇನ್ರಿ ಅಣ್ಣಾ?” ಅಂದರು. ಅದು ಹಾಳೆಯಲ್ಲಿ ಎರಡು ವಾರ ಸತತವಾಗಿ ಬಂದಿತ್ತು. ಮರಾಠಿ ನೆರೆಯವರೂ ಅದರ ಅರ್ಥ ಕೇಳಿ ತಿಳಿದುಕೊಂಡು, ಎಲ್ಲ ಕೂಡಿ ವಾರ್ಡ್ ಆಫೀಸಿಗೆ ಹೋಗಿ ಕುಳಿತ ಮೇಲೆ ಗಟಾರ ಸ್ವಚ್ಛ ಮಾಡಿಸಿದ್ದರು. ಅಣ್ಣ ಮರುದಿನ ಹೋಟೆಲಿನ ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದರು, ಹಾಳೆ ತೂಗುಹಾಕಲು.

ಇಷ್ಟೆಲ್ಲ ಯಾಕೆ ಹಚ್ಚಿಕೊಂಡಿದ್ದೀರಿ ಎಂದು ಒಂದು ಶನಿವಾರ ಕೇಳಿದೆ. ಅವರು ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ನನ್ನ ಹೇಣ್ತಿ ಈ ಖೋಲ್ಯಾಗ ತೀರಕೊಂಡಳು ತಂಗಿ. ಹೆಗಲು ಕೊಡಾಕ ನಾಕ ಮಂದಿ ಹುಡುಕಬೇಕಾತು. ನಾಕನೇದಾಂವ ರಸ್ತೇದಾಗ ಹೊಂಟಿದ್ದಾಂವ, ಯಾರೋ ಏನೋ. ತಿಂಗಳಾದ ಮ್ಯಾಲ ಗೊತ್ತಾತು, ಎರಡ ಗಲ್ಲಿ ಆಚಿಗಿ ನಮ್ಮೂರಾವ್ರ ಹನ್ನೆರಡ ಮಂದಿ ಇದ್ರಂತ.”

ಅವರ ಇನ್ನೊಂದು ಕಾಯಿದೆ, ಯಾರ ಅಡ್ಡಹೆಸರನ್ನೂ ಹಾಳೆಯಲ್ಲಿ ಬರೆಯಕೂಡದು. ನಮ್ಮ ಕಡೆಯ ಹಳ್ಳಿಗಳಲ್ಲಿ ಊರದೇವರ ಹೆಸರನ್ನೇ ಮನೆಮನೆಗೂ ಇಡುತ್ತಾರೆ. ಮಾಳಿಂಗರಾಯನ ಗುಡಿ ಇದ್ದ ಊರಾದರೆ ಕರೆದಲ್ಲಿ ಹತ್ತು ಜನ ಮಾಳಪ್ಪಂದಿರು ತಿರುಗಿ ನೋಡುತ್ತಾರೆ. ಅದಕ್ಕೇ ಊರವರು ಒಬ್ಬನನ್ನು ಕುಂಟ ಅನ್ನುತ್ತಾರೆ, ಇನ್ನೊಬ್ಬನನ್ನು ಬೋಳ್ಯಾ ಅನ್ನುತ್ತಾರೆ, ಹಾಗೆ ಅಂದೇ ಗುರುತು ಹಿಡಿಯುತ್ತಾರೆ. ಕಾಕಾನಿಗೆ ಅದು ಸೇರುತ್ತಿರಲಿಲ್ಲ. “ಊರಾಗ ಕುಂಟ, ಇಲ್ಲಿ ಮುಕಾದಮನ ಬಾಯಾಗ ಏ ಕುಂಟ್ಯಾ. ಅಚ್ಚಿನ್ಯಾಗರ ಆ ಮನಶ್ಯಾಗ ಮರ್ಯಾದಿ ಇರ್ಲಿ,” ಎನ್ನುತ್ತಿದ್ದರು. ಅವರು ತರುವ ಚೀಟಿಗಳಲ್ಲಿ ಅಡ್ಡಹೆಸರು ಇದ್ದರೂ ಸ್ಟೆನ್ಸಿಲ್ಲಿಗೆ ಬರೆಯುವಾಗ ನಾನು ತೆಗೆದುಹಾಕಬೇಕು. ಎಷ್ಟು ಒಳ್ಳೆಯ ಕಾಯಿದೆ ಎಂದು ನನಗೆ ಹೆಮ್ಮೆಯೇ ಇತ್ತು.

ಪವಾಯಿಯಲ್ಲಿ ಅಂಥ ಒಂದು ಊರಿನ ಮಾಳಪ್ಪ ಎಂಬವನಿದ್ದ. ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು, ಊರಿನಲ್ಲಿ ಕುಂಟ ಮಾಳಪ್ಪ. ಹೆಂಡತಿ ಊರಲ್ಲಿ, ಇವನು ಇಲ್ಲಿ ಮರಳು ಸೋಸುವ ಕೆಲಸಕ್ಕೆ. ಪ್ರತಿ ಭಾನುವಾರ ತಪ್ಪದೆ ಸುದ್ದಿ ಕೊಟ್ಟು ಹಾಳೆ ತೆಗೆದುಕೊಂಡು, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಅವನಂತೆ ಹಲವರು ಕಳಿಸುತ್ತಿದ್ದರು. ಆ ಹಳ್ಳಿಗಳ ಗುಡಿಕಟ್ಟೆಗಳಲ್ಲಿ ನನ್ನ ದುಂಡಗಿನ ಅಕ್ಷರಗಳನ್ನು ಓದಿಸಿ ಕೇಳುತ್ತಿದ್ದರು. ಕೆಲವರು ಬೇರೆ ಕಾಗದ ಬರೆಯುವುದನ್ನೇ ಬಿಟ್ಟಿದ್ದರು. “ಹಾಳಿ ಹೋಗ್ತೈತಲ್ಲ, ಮತ್ಯಾಕ ಕಾಗದ,” ಎನ್ನುವಷ್ಟು ನಂಬಿಕೆ.

ಅದೇ ಊರಿನ ಇನ್ನೊಬ್ಬ ಮಾಳಪ್ಪ, ಇನ್ನೂ ಮದುವೆಯಾಗದ ಹುಡುಗ, ವಡಾಲದ ಕೆಲಸ ಬಿಟ್ಟು ಆಗತಾನೇ ಪವಾಯಿಗೆ ಹೋಗಿದ್ದ. ಊರಿನಲ್ಲಿ ಅವನ ಹೆಸರು ಸಣ್ಣ ಮಾಳಪ್ಪ. ಹೋಗಿ ತಿಂಗಳೊಳಗೆ ಜ್ವರ ಬಂದು ತೀರಿಕೊಂಡ. ಜೊತೆಯವರೇ ಮಣ್ಣು ಮಾಡಿದರು. ಅವರಲ್ಲೊಬ್ಬ ವಡಾಲ ಸ್ಟೇಶನ್ನಿನಲ್ಲಿ ಕಾಕಾನಿಗೆ ವಿಷಯ ಹೇಳಿದ. ಕಾಕಾ ಚೀಟಿಯಲ್ಲಿ ಸರಿಯಾಗಿಯೇ ಬರೆದುಕೊಂಡು ಬಂದಿದ್ದರು: ಸಣ್ಣ ಮಾಳಪ್ಪ, ಪವಾಯಿ, ಜ್ವರ. ಆ ಶನಿವಾರ ನಾನು ತೌರಿಗೆ ಹೋಗುವ ಅವಸರದಲ್ಲಿದ್ದೆ, ಸಂಜೆಯ ಗಾಡಿ. ಕಾಯಿದೆಯಂತೆ ‘ಸಣ್ಣ’ ತೆಗೆದೆ. ಊರಿನ ಹೆಸರು ಹಾಕಿ, ‘ಪವಾಯಿಯಲ್ಲಿ ಕೆಲಸಕ್ಕಿದ್ದ ಶ್ರೀ ಮಾಳಪ್ಪನವರು ಜ್ವರದಿಂದ ನಿಧನರಾದರು’ ಎಂದು ಮರ್ಯಾದೆಯಿಂದ ಬರೆದೆ. ಎರಡು ವಾರದ ಹಿಂದೆ ಅದೇ ಊರು, ಅದೇ ಹೆಸರು, ಅದೇ ಪವಾಯಿ ಎಂದು ಕುಂಟ ಮಾಳಪ್ಪ ಕೊಟ್ಟ ಸುದ್ದಿಯನ್ನು ಬರೆದದ್ದೂ ಇದೇ ಕೈ. ಒಂದು ಗಳಿಗೆ ನಿಂತು ಯೋಚಿಸಿದ್ದರೆ ಹೊಳೆಯುತ್ತಿತ್ತು. ನಾನು ನಿಲ್ಲಲಿಲ್ಲ.

ಮುಂಬಯಿಯಲ್ಲಿ ಯಾರಿಗೂ ಗೊಂದಲವಾಗಲಿಲ್ಲ, ಇಲ್ಲಿದ್ದವರೆಲ್ಲ ಸತ್ತವನನ್ನು ಕಂಡವರು. ಹಾಳೆ ಪಕ್ಕದ ಹಳ್ಳಿಯವನೊಬ್ಬನ ಕೈಯಲ್ಲಿ ಆ ಊರಿಗೆ ಹೋಯಿತು. ಊರಿನವರ ಲೆಕ್ಕದಲ್ಲಿ ಸಣ್ಣ ಮಾಳಪ್ಪ ಇನ್ನೂ ವಡಾಲದಲ್ಲಿದ್ದ. ಪವಾಯಿಯ ಮಾಳಪ್ಪ ಅಂದರೆ ಕುಂಟನೇ. ಕುಂಟ ಮಾಳಪ್ಪನ ಹೆಂಡತಿಯ ಬಳೆ ಒಡೆಸಿದರು.

ಅವಳ ತಮ್ಮ ಅಕ್ಕನ ಗಂಡನ ಹಾಸಿಗೆ, ಪೆಟ್ಟಿಗೆ ಒಯ್ಯಲೆಂದು ಪವಾಯಿಗೆ ಬಂದ. ಬಂದರೆ ಭಾವ ಮರಳಿನ ಗುಡ್ಡೆಯ ನೆರಳಿನಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಾನೆ. ಇಬ್ಬರೂ ಅವತ್ತೇ ಸಂಜೆ ನೇರವಾಗಿ ಕುರ್ಲಾಕ್ಕೆ ಬಂದರು. ನಾನು ಅಷ್ಟರಲ್ಲಿ ತೌರಿನಿಂದ ಮರಳಿದ್ದೆ, ಕಾಕಾನ ಖೋಲಿಯಲ್ಲೇ ಕುಳಿತಿದ್ದೆ. ಆ ತಮ್ಮ ಕಾಕಾನ ಬಾಗಿಲಲ್ಲಿ ನಿಂತು, ಹಾಳೆಯನ್ನು ಬಿಡಿಸಿ ಹಿಡಿದು, ಒಂದೇ ಮಾತು ಕೇಳಿದ: “ಇದನ್ನ ಯಾರ ಬರದಾರ್ರಿ?”

ನಾನು ಎಂದು ಹೇಳಲು ಎದ್ದು ನಿಂತೆ. ಕಾಕಾ ನನ್ನ ಕಡೆ ನೋಡದೆ, “ನಾ ಬರಸೇನಪಾ. ಕಾಯಿದೆ ನಂದು. ತಪ್ಪೂ ನಂದ,” ಅಂದರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಮಾಳಪ್ಪನ ಎರಡೂ ಕೈ ಹಿಡಿದುಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಂದು ಬುಧವಾರ. ಭಾನುವಾರಕ್ಕೆ ಕಾಯದೆ ಅವತ್ತೇ ಹಾಳೆ ತೆಗೆಯುತ್ತೇನೆ ಎಂದು ಮಂಚದ ಕೆಳಗಿಂದ ಮೆಷಿನ್ ಎಳೆದರು. ಸುದ್ದಿ ಕೇಳಿ ಹೋಟೆಲಿನ ಅಣ್ಣ ಓಡಿಬಂದರು. “ಒಂದು ಕಾಗದ ಬರೆದು ಇವರ ಕೈಯಲ್ಲಿ ಕೊಟ್ಟು ಮುಗಿಸಿ ಮಾರಾಯ್ರೆ. ಹಾಳೆಯಲ್ಲಿ ಹಾಕಿ ಊರಿಗೆಲ್ಲ ಹಂಚಿದರೆ ನಾಳೆಯಿಂದ ನಿಮ್ಮನ್ನು ಯಾರು ನಂಬ್ತಾರೆ?” ಅವರು ಹಿತಕ್ಕೇ ಹೇಳಿದ್ದು, ನನಗೂ ಹಾಗೇ ಅನಿಸಿತ್ತು. ಇಷ್ಟು ವರ್ಷ ಮನೆಮನೆ ತಿರುಗಿ ಹುಟ್ಟಿಸಿದ ನಂಬಿಕೆ ಒಂದು ಹಾಳೆಯಲ್ಲಿ ಹೋಗಿಬಿಡುತ್ತದೆ.

“ಅಣ್ಣಾ, ನಿಮ್ಮ ದೊಡ್ಡ ಪೇಪರಿನ್ಯಾಗ ತಪ್ಪಾದ್ರ ನೀವು ಯಾರ ಬಾಗಲಾ ಬಡೀತೀರಿ?” ಎಂದು ಕೇಳಿದರು ಕಾಕಾ. “ನಮ್ಮದಕ್ಕ ಬಾಗಲಾ ಐತಿ. ನೋಡ್ರಿ, ಬಂದು ಬಡದಾರ. ನಮ್ಮ ಹಾಳಿ ಯಾಕ ಬೇಕಂತ ಕೇಳತಿದ್ರೆಲ್ಲ, ಇದಕ್ಕ ಬೇಕು. ಈಗ ನಾ ಚಿಲಕಾ ಹಾಕ್ಕೊಂಡು ಕುಂತ್ರ ಅದೂ ಹೋತು.”

ಅವರು ಹೇಳಿದರು, ನಾನು ಬರೆದೆ. ಇಡೀ ಪುಟಕ್ಕೆ ದೊಡ್ಡ ಅಕ್ಷರಗಳಲ್ಲಿ ಇಷ್ಟೇ: ತೀರಿಕೊಂಡವರು ಸಣ್ಣ ಮಾಳಪ್ಪ. ಕುಂಟ ಮಾಳಪ್ಪ ಬದುಕಿದ್ದಾರೆ. ನಾವು ತಪ್ಪು ಬರೆದೆವು. ‘ಕುಂಟ’ ಎನ್ನುವಲ್ಲಿ ನನ್ನ ಕೈ ನಿಂತಿತು. ಕಾಕಾನೂ ಮಾಳಪ್ಪನ ಮುಖ ನೋಡಿದರು.

“ಹಾಕ್ರಿ ಕಾಕಾ,” ಅಂದ ಮಾಳಪ್ಪ. “ಮರ್ಯಾದಿಲೆ ಸಾಯೂದಕಿಂತ ಕುಂಟ ಆಗಿ ಇರೂದು ಛಲೋ.”

ಕಾಕಾ ರಜೆ ಹಾಕಿ, ಹಾಳೆಯ ಕಟ್ಟು ಹಿಡಿದು ಅವರಿಬ್ಬರ ಜೊತೆ ಊರಿಗೆ ಹೋದರು. ಅಲ್ಲಿ ಆದದ್ದನ್ನು ಅವರು ಹೇಳಲೇ ಇಲ್ಲ. ನನಗೆ ಹೇಳಿದ್ದು ಮಾಳಪ್ಪ, ತಿಂಗಳ ಮೇಲೆ, ನಮ್ಮ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿಯುತ್ತ. ಕಾಕಾ ಮೊದಲು ಹೋದದ್ದು ಸಣ್ಣ ಮಾಳಪ್ಪನ ಅಣ್ಣನ ಮನೆಗೆ. ಅಲ್ಲಿ ಅವತ್ತಿನವರೆಗೂ ಏನೂ ಗೊತ್ತಿಲ್ಲದೆ ಉಂಡು ತಿಂದು ಇದ್ದರು. ಕಾಕಾ ನೆಲದ ಮೇಲೆ ಕುಳಿತು ವಿಷಯ ಹೇಳಿದರು. ಕೊನೆಯ ಹೊತ್ತಿನಲ್ಲಿ ಯಾರಿದ್ದರು ಎಂದು ಆ ಅಣ್ಣ ಕೇಳಿದ. ಹೆಗಲು ಕೊಟ್ಟ ನಾಲ್ವರ ಹೆಸರನ್ನೂ, ಅವರ ಊರುಗಳನ್ನೂ ಕಾಕಾ ಒಂದೊಂದಾಗಿ ಹೇಳಿದರು. ಆಮೇಲೆ ಕಾಕಾ ಸಂಜೆಯವರೆಗೆ ಆ ಬಾಗಿಲಲ್ಲೇ ಕುಳಿತಿದ್ದರಂತೆ.

ಆಮೇಲೆ ಮಾಳಪ್ಪನ ಮನೆ. ಬಳೆಗಾರನನ್ನು ಕರೆಸಿದ್ದರು. ಊರೆಲ್ಲ ನೆರೆದಿತ್ತು. ಆದರೆ ಆಕೆ ಕೈ ಮುಂದೆ ಮಾಡಲಿಲ್ಲ.

“ನಾ ಮುಂದ ಬಂದ ನಿಂತೀನ್ರಿ ಅಕ್ಕಾರ,” ಎಂದು ಮಾಳಪ್ಪ ನಗುತ್ತ ಹೇಳಿದ, ಕಣ್ಣು ಮಾತ್ರ ತುಂಬಿದ್ದವು. “ಕೈ ಅದಾವ, ಕಾಲ ಅದಾವ, ಉಸರಾಡಾಕತ್ತೀನಿ. ಅಕಿ ನನ್ನ ಕಡಿ ನೋಡವಲ್ಲಳು. ಕಾಕಾಗ ಅಂತಾಳ, ಹಾಳ್ಯಾಗ ಸತ್ತಾನ, ಮೊದಲ ಹಾಳ್ಯಾಗ ಬದುಕಸ್ರಿ, ಓದ್ರಿ ಅಂತ. ಕಾಕಾ ಓದಿದ. ಇನ್ನೊಮ್ಮಿ ಓದ್ರಿ ಅಂದ್ಲು. ಓದಿದ. ಇನ್ನೊಮ್ಮಿ ಅಂದ್ಲು. ಮೂರ ಸಲಾ ಕೇಳಿ, ಹಾಳಿ ಇಸಗೊಂಡು ಮಡಚಿ ಉಡಿಯಾಗ ಇಟಗೊಂಡು, ಆಮ್ಯಾಲ ಬಳಿಗಾರಗ ಕೈ ಕೊಟ್ಲು.”

ಕಾಕಾ ಮರಳಿ ಬಂದವರು ಎರಡು ಹೊಸ ಕಾಯಿದೆ ಮಾಡಿದರು. ಅಡ್ಡಹೆಸರು ಇದ್ದವರು ಒಪ್ಪಿದರೆ ಹಾಕಬಹುದು. ಸಾವಿನ ಸುದ್ದಿಯನ್ನು ಕಣ್ಣಾರೆ ಕಂಡವರು ಇಬ್ಬರು ಬಂದು ಹೇಳದ ಹೊರತು ಬರೆಯಬಾರದು. ನಂಬಿಕೆ ಹೋಗುತ್ತದೆ ಎಂದು ನಾವು ಹೆದರಿದ್ದೆವು. ಒಂದೆರಡು ಭಾನುವಾರ ಹಾಳೆ ಉಳಿದದ್ದೂ ನಿಜ, “ಇವತ್ತ ಯಾರನ್ನ ಕೊಂದೀರಿ ಕಾಕಾ?” ಎಂದು ಮುಖಕ್ಕೇ ಕೇಳಿದವರಿದ್ದರು. ಅವರು ನಿಂತು ಕೇಳಿಸಿಕೊಂಡು, “ಸುದ್ದಿ ಐತೇನು?” ಎನ್ನುತ್ತಿದ್ದರು. ನಿಧಾನಕ್ಕೆ ಬೇರೆಯೇ ಒಂದು ಸಂಗತಿ ನಡೆಯಿತು. ಹಾಳೆಯಲ್ಲಿ ತಪ್ಪು ಕಂಡವರು ಬಂದು ಬಾಗಿಲು ಬಡಿಯತೊಡಗಿದರು. ರೇಷನ್ ಅಂಗಡಿ ಮಂಗಳವಾರ ಅಲ್ಲ ಬುಧವಾರ ಬಂದ್ ಎಂದು ಒಬ್ಬ, ನನ್ನ ಮಗಳು ಪಾಸಾದದ್ದು ಏಳನೇ ಇಯತ್ತೆ ಅಲ್ಲ ಎಂಟನೇ ಇಯತ್ತೆ ಎಂದು ಇನ್ನೊಬ್ಬಳು. ಪ್ರತಿ ವಾರ ಒಂದು ಮೂಲೆಯಲ್ಲಿ ‘ಹೋದ ವಾರದ ತಪ್ಪು’ ಎಂದು ನಾನು ಬರೆಯುತ್ತಿದ್ದೆ. ಜನ ಮೊದಲು ಅದನ್ನೇ ಓದುತ್ತಿದ್ದರು. ನನ್ನ ಅವಸರದ ಬಗ್ಗೆ ಕಾಕಾ ಒಂದು ದಿನವೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವರಿಗೆ ನಿವೃತ್ತಿಯಾಗಿತ್ತು, ಹಿಡಿಕೆ ತಿರುಗಿಸಿದರೆ ಏದುಸಿರು ಬರುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ನಳ ಬರುವ ಹೊತ್ತಿಗೆ ಅವರ ಬಾಗಿಲು ತೆರೆಯಲಿಲ್ಲ. ಚಿಲಕ ಹಾಕುವ ಅಭ್ಯಾಸ ಅವರಿಗಿರಲಿಲ್ಲ, ನಾನೇ ನೂಕಿ ಒಳಗೆ ಹೋದೆ. ಅಂಗಿಯ ಗುಂಡಿಗೆ ಪೆನ್ಸಿಲ್ಲು ಹಾಗೇ ಇತ್ತು.

ಹಾಳೆಯಲ್ಲಿ ಬರುವ ಮೊದಲೇ ಆ ಸುದ್ದಿ ಗಲ್ಲಿಯಿಂದ ಗಲ್ಲಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಚಾಳಿನ ಓಣಿ ತುಂಬಿ ರಸ್ತೆಯವರೆಗೆ ಜನ ನಿಂತಿದ್ದರು, ಮರಾಠಿಯವರು, ನಮ್ಮವರು, ಹೋಟೆಲು ಮುಚ್ಚಿ ಬಂದ ಅಣ್ಣ. ಹೆಗಲು ಕೊಡಲು ಹತ್ತು ಹೆಜ್ಜೆಗೊಮ್ಮೆ ಜನ ಬದಲಾಗಬೇಕಾಯಿತು. ನನಗೆ ಅವರ ಹೆಂಡತಿಯನ್ನು ಹೊತ್ತ ಆ ನಾಲ್ಕನೆಯವನ ನೆನಪಾಯಿತು.

ಮರುದಿನ ಶನಿವಾರ. ಈ ವಾರ ಹಾಳೆ ಇಲ್ಲ, ಇನ್ನು ಮೇಲೆ ಯಾವ ವಾರವೂ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಕಸ ಗುಡಿಸಿ ಬರೋಣವೆಂದು ಅವರ ಖೋಲಿಗೆ ಹೋದೆ. ಹೊಸ್ತಿಲಲ್ಲಿ ಮಾಳಪ್ಪ ಕುಳಿತಿದ್ದ. ಹಿಂದಿನ ದಿನ ಬಂದವನು ಪವಾಯಿಗೆ ಮರಳಿರಲಿಲ್ಲ.

“ಕಾಕಾ ತೀರಕೊಂಡಾರ್ರಿ,” ಅಂದ, ನನಗೆ ಗೊತ್ತೇ ಇಲ್ಲವೆಂಬಂತೆ. “ನಾ ಕಣ್ಣಾರೆ ನೋಡೀನಿ. ನೀವೂ ನೋಡೀರಿ. ಇಬ್ರ ಆದ್ವಿ. ಬರೀರಿ.”

ನಾನು ಕಸಬರಿಗೆ ಕೆಳಗಿಟ್ಟೆ. ಆಮೇಲೆ ಮಂಚದ ಕೆಳಗಿಂದ ಮೆಷಿನ್ ಎಳೆದೆವು. ಸ್ಟೆನ್ಸಿಲ್ ಹರವಿಕೊಂಡು, ರೇಷನ್ ಕಾರ್ಡಿನಲ್ಲಿದ್ದ ಅವರ ಪೂರ್ತಿ ಹೆಸರನ್ನು ಶ್ರೀಯುತರು ಎಂದು ಶುರುಮಾಡಿ ಬರೆಯಹೊರಟಾಗ ಮಾಳಪ್ಪ ತಡೆದ.

“ಆ ಹೆಸರ ಹಾಕಿದ್ರ ಯಾರಿಗಿ ತಿಳೀತೈತ್ರಿ ಅಕ್ಕಾರ? ಬ್ಯಾರೆ ಯಾರೋ ಸತ್ತಾರ ಅಂತಾರ.”

ಅವನು ಹೇಳಿದ್ದು ಸರಿಯಾಗಿತ್ತು. ಪೇಪರ ಕಾಕಾ ಎಂದೇ ಬರೆದೆ. ಇಲ್ಲಿಯೂ ನಾನು ಅವರ ಹೆಸರು ಹಾಕದಿರುವುದು ಅದಕ್ಕೇ. ಹಿಡಿಕೆ ತಿರುಗಿಸಿದೆ, ಮೊದಲ ಪ್ರತಿ ಹೊರಗೆ ಬಂತು, ಮಸಿ ಇನ್ನೂ ಹಸಿಯಾಗಿತ್ತು. ಮಾಳಪ್ಪ ಕೈ ಚಾಚಿದ. “ಸುದ್ದಿ ಕೊಟ್ಟೀನಲ್ರಿ,” ಅಂದ.

ಕೊಟ್ಟೆ. ಅವನು ಅದನ್ನು ಸ್ವಲ್ಪ ಹೊತ್ತು ಹಿಡಿದು ನೋಡಿ, ಓದು ಬರದವನಾದ್ದರಿಂದ, ನನ್ನ ಕಡೆ ತಿರುಗಿಸಿ “ಓದ್ರಿ,” ಅಂದ. ಕಾಕಾ ಓದುತ್ತಿದ್ದಂತೆಯೇ, ಹಾಜರಿ ಕೂಗುವ ದನಿಯಲ್ಲಿ ಓದಲು ನೋಡಿದೆ. ಇನ್ನೊಮ್ಮೆ ಓದಿ ಎನ್ನುತ್ತಾನೇನೋ ಎಂದು ಕಾದೆ. ಅವನು ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡ.